ಕೋಬರ್ ಮನೆಯ ನೆತ್ತಿಗೆ ಕಟ್ಟಿದ ಪೊರಕೆ

ಗಿಸ್ಬರ್ಟ್ ಲೋಫಿಂಕ್‌ನನ್ನು ಮಣ್ಣು ಮಾಡಿದ ದಿನ ಪಾದ್ರಿ ಒಂದು ಸುಳ್ಳು ಹೇಳಿದ. "ಈತ ಎಲ್ಲರನ್ನೂ ಕ್ಷಮಿಸಿ ಹೋದ ಮನುಷ್ಯ" ಎಂದ. ಗುಂಡಿಯ ಸುತ್ತ ನಿಂತವರಲ್ಲಿ ಅರ್ಧ ಜನ ತಲೆಯಾಡಿಸಿದರು. ಯಾರು ಯಾರು ತಲೆಯಾಡಿಸಿದರು ಎಂದು ನಾನು ನೋಡಿಟ್ಟುಕೊಂಡಿದ್ದೇನೆ.

ಗಿಸ್ಬರ್ಟ್ ಎಲ್ಲರನ್ನೂ ಕ್ಷಮಿಸಲಿಲ್ಲ. ಒಬ್ಬನಿಗಂತೂ ಹದಿನೇಳು ವರ್ಷ ಕಾದು, ಹದ ನೋಡಿ, ಊರೆಲ್ಲ ನೋಡುವ ಹಾಗೆ ಹೊಡೆದ. ಕೈಯಿಂದಲ್ಲ. ಆ ದಿನ ಏಣಿಯ ತಲೆ ಕಾದವನು ನಾನು. ಸತ್ತವನ ಮೇಲೆ ಒಳ್ಳೆಯತನ ಹೊದಿಸಿ ಮುಚ್ಚಿಬಿಟ್ಟರೆ ಬದುಕಿರುವ ಕಳ್ಳರಿಗೆ ನೆಮ್ಮದಿ. ಅವರಿಗೆ ಆ ನೆಮ್ಮದಿ ಸಿಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಗಿಸ್ಬರ್ಟ್ ಬಡಗಿ. ನಮ್ಮ ಲಿಂಡನ್‌ರೋಡ ಊರಿನಲ್ಲಿ ಮನೆಯ ಚಾವಣಿಗೆ ಮರದ ಮಾಡು ಕಟ್ಟುವ ಬಡಗಿ ಅಂದರೆ ಅವನೊಬ್ಬನೇ. ಮಿಕ್ಕವರು ಪೆಟ್ಟಿಗೆ ಮಾಡುವವರು. ಆರಡಿ ಎತ್ತರ, ಎಡಗೈಯಲ್ಲಿ ನಾಲ್ಕೇ ಬೆರಳು, ಬಾಯಿ ಮಾತ್ರ ಇಬ್ಬರಿಗಾಗುವಷ್ಟು. ನನ್ನ ಹೆಸರು ಉಡೋ; ಎಂಟನೇ ತರಗತಿ ಮುಗಿಸಿ ಅವನ ಹತ್ತಿರ ಕೆಲಸ ಕಲಿತೆ. ಕೆಲಸ ತಪ್ಪಿದರೆ ಬೈಯುತ್ತಿರಲಿಲ್ಲ, ಹಾಡು ಕಟ್ಟುತ್ತಿದ್ದ. ಒಮ್ಮೆ ನಾನು ಮಾಡಿನ ಪಕಾಸಿಯೊಂದನ್ನು ಒಂದು ಗೇಣು ಗಿಡ್ಡ ಕೊಯ್ದೆ. "ಉಡೋ ಕೊಯ್ದ ಪಕಾಸಿ, ಮನೆಗೇ ಬಂತು ಉಬ್ಬಸಿ" ಎಂದು ಊರಿಡೀ ಹಾಡಿಸಿದ. ಉಬ್ಬಸಿ ಅಂದರೇನು ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೂ ಎಲ್ಲರೂ ನಕ್ಕರು.

ನಮ್ಮ ಕಡೆ ಮನೆಗೆ ಕೊನೆಯ ತೊಲೆ ಏರಿದ ದಿನ ತೊಲೆಹಬ್ಬ. ನೆತ್ತಿಗೆ ಸೊಪ್ಪಿನ ಮಾಲೆ ಕಟ್ಟುತ್ತಾರೆ. ಬಡಗಿ ಕಪ್ಪು ಟೋಪಿ ಹಾಕಿಕೊಂಡು ಮಾಡಿನ ಮೇಲೆ ನಿಂತು ಪದ್ಯ ಹೇಳುತ್ತಾನೆ. ಆ ಹೊತ್ತಿನಲ್ಲಿ ಅವನ ಬಾಯಿಗೆ ಬೀಗ ಹಾಕುವ ಅಧಿಕಾರ ಯಾರಿಗೂ ಇಲ್ಲ, ಮನೆಯ ಯಜಮಾನನಿಗೂ ಇಲ್ಲ. ಜಿಪುಣ ಯಜಮಾನನನ್ನು ಜಿಪುಣ ಎನ್ನಬಹುದು, ಹೆಂಡತಿಗೆ ಹೆದರುವವನನ್ನು ಅದಕ್ಕೇ ಆಡಿಕೊಳ್ಳಬಹುದು. ಕೆಳಗೆ ನಿಂತವನು ನಗಲೇಬೇಕು. ಪದ್ಯ ಮುಗಿದ ಮೇಲೆ ಬಡಗಿ ಒಂದು ಗ್ಲಾಸು ಸಾರಾಯಿ ಕುಡಿದು ಗ್ಲಾಸನ್ನು ಕೆಳಗೆ ಒಡೆಯುತ್ತಾನೆ. ಅದು ಮನೆಗೆ ಶುಭ. ಆಮೇಲೆ ಯಜಮಾನನ ಖರ್ಚಿನಲ್ಲಿ ಊಟ.

ಎಪ್ಪತ್ತಾರನೇ ಇಸವಿಯಲ್ಲಿ ಯಜಮಾನ ಅಂದರೆ ಆಳುವ ಕಮ್ಯುನಿಸ್ಟ್ ಪಕ್ಷ. ಆಗ ಜರ್ಮನಿ ಎರಡು ಹೋಳು, ನಾವು ಪೂರ್ವದ ಹೋಳಿನವರು. ಊರಿನಲ್ಲಿ ಪಕ್ಷದವರು ಒಂದು ಸಭಾಭವನ ಕಟ್ಟಿಸಿದರು. ಅದರ ಮಾಡು ನಮ್ಮ ಕೈಕೆಲಸ. ತೊಲೆಹಬ್ಬದ ದಿನ ಜಿಲ್ಲೆಯಿಂದ ಕಾರುಗಳಲ್ಲಿ ದೊಡ್ಡವರು ಬಂದರು. ಗಿಸ್ಬರ್ಟ್ ಮೇಲೆ ಹತ್ತಿ ಟೋಪಿ ಸರಿಮಾಡಿಕೊಂಡು ಶುರು ಮಾಡಿದ. ಅದರಲ್ಲಿ ಈ ನಾಲ್ಕು ಸಾಲು ಬಂದವು:

ಗೋಡೆ ಎದ್ದಿತು ಬೆಟ್ಟದ ಗಾತ್ರ, ಕಿಟಕಿ ಬೆಕ್ಕಿನ ಕಣ್ಣು;
ಹೊರಗೆ ಇಣುಕಲು ಚೀಟಿ ಬೇಕು, ಒಳಗೆ ತಿನ್ನಲು ಮಣ್ಣು.
ಮಾಡು ನನ್ನದು, ಮಾತು ಕೊಡುವೆ, ಹನಿಯೂ ಸೋರದು ಇಲ್ಲಿ;
ಮಾಡಿನಡಿಯ ಮಾತು ಸೋರಿದರೆ ಕೇಳಬೇಡಿ ನನ್ನಲ್ಲಿ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾರಿನಲ್ಲಿ ಬಂದವರು ನಗಲಿಲ್ಲ. ಗಿಸ್ಬರ್ಟ್ ಎಸೆದ ಗ್ಲಾಸು ಮರಳಿನ ಗುಡ್ಡೆಯ ಮೇಲೆ ಬಿತ್ತು, ಒಡೆಯಲಿಲ್ಲ.

ಪಕ್ಕದಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ನಕ್ಕವನು ಎಗೊನ್ ಕೋಬರ್. ನಮ್ಮ ಕಟ್ಟಡ ಸಂಘದ ಉಗ್ರಾಣದವನು, ಗಿಸ್ಬರ್ಟ್‌ನ ಪಕ್ಕದ ಮನೆಯವನು. ಅವನ ನೆನಪಿನ ಶಕ್ತಿ ಊರಿಗೇ ಹೆಸರುವಾಸಿ. ಯಾವ ಮೊಳೆ ಯಾವ ಡಬ್ಬಿಯಲ್ಲಿ, ಯಾರ ಮದುವೆಯಲ್ಲಿ ಯಾರು ಯಾರ ಪಕ್ಕ ಕೂತಿದ್ದರು, ಎಲ್ಲ ಅವನ ತಲೆಯಲ್ಲಿ. "ಭೇಷ್ ಗಿಸ್ಬರ್ಟ್! ಇನ್ನೊಂದ್ಸಲ ಹೇಳೋ, ಆ ಸೋರೋದು!" ಅಂತ ಅಂದು ಸಂಜೆ ಬಿಯರ್ ಅಂಗಡಿಯಲ್ಲಿ ಎರಡು ಸಲ ಹೇಳಿಸಿದ. ಯಾಕೆ ಹೇಳಿಸಿದ ಎಂದು ನಮಗೆ ತಿಳಿಯಲು ಹದಿನಾರು ವರ್ಷ ಬೇಕಾಯಿತು.

ಮೂರು ತಿಂಗಳಾದ ಮೇಲೆ ಕಾಸೆಲ್‌ನಲ್ಲಿದ್ದ ಗಿಸ್ಬರ್ಟ್‌ನ ದೊಡ್ಡಮ್ಮ ಸತ್ತಳು. ಕಾಸೆಲ್ ಪಶ್ಚಿಮದ ಹೋಳಿನಲ್ಲಿತ್ತು. ಬೇರೆಯವರಿಗೆ ತಾಯಿ ಸತ್ತರೂ ಗಡಿ ದಾಟಲು ಅಪ್ಪಣೆ ಸಿಗುತ್ತಿರಲಿಲ್ಲ. ಇವನಿಗೆ ಮೂರೇ ದಿನಕ್ಕೆ ಸಿಕ್ಕಿತು. "ಅದೃಷ್ಟವಂತ ಕಣಯ್ಯ ನೀನು" ಎಂದ ಕೋಬರ್. ಹೆಂಡತಿ ಎಡಿತ್, ಆರು ವರ್ಷದ ಮಗಳು ಮಾರ್ಲೀಸ್, ಇಬ್ಬರನ್ನೂ ಬಿಟ್ಟು ಗಿಸ್ಬರ್ಟ್ ನಾಲ್ಕು ದಿನಕ್ಕೆಂದು ಹೋದ. ಮಣ್ಣು ಹಾಕಿ, ಮಗಳಿಗೆ ಕೆಂಪು ರಬ್ಬರ್ ಬೂಟು ಕೊಂಡು, ವಾಪಸ್ಸು ರೈಲು ಹತ್ತಿದ. ಗಡಿ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಅವನ ಗುರುತಿನ ಪುಸ್ತಕ ತೆಗೆದುಕೊಂಡು ಒಂದು ಕಾಗದ ಕೊಟ್ಟ.

"ಇದೇನು?"

"ಓದ್ಕೊಳ್ಳಿ. ನೀವಿನ್ನು ಈ ದೇಶದವರಲ್ಲ."

"ನನ್ನ ಮನೆ ಅಲ್ಲೇ ಇದೆ ಕಣ್ರೀ, ಇಲ್ಲಿಂದ ನಲವತ್ತು ಕಿಲೋಮೀಟರ್. ಹಿಟ್ಟು ಕಲಸಿಟ್ಟಿರ್ತಾಳೆ ಹೆಂಡ್ತಿ."

"ಎದುರುಗಡೆ ರೈಲು ನಿಮ್ಮದು. ಹತ್ತಿ."

ಕಾಗದದಲ್ಲಿ ನಯವಾದ ಮಾತುಗಳಿದ್ದವು. ಬೀದಿಯಲ್ಲಿ ಜನ ಅದಕ್ಕೆ ಹೇಳುತ್ತಿದ್ದ ಮಾತು ಒಂದೇ: ಔಸ್‌ಬುರ್ಗೆರುಂಗ್. ಒಬ್ಬನ ಪೌರತ್ವ ಕಿತ್ತುಕೊಂಡು ಹೊರಗೆ ನೂಕುವುದು. ಬಾಯಿ ತುಂಬುವ ಮಾತು, ಉಗುಳುವುದಕ್ಕೂ ಆಗದು, ನುಂಗುವುದಕ್ಕೂ ಆಗದು.

ಮಾರನೇ ದಿನ ಎಡಿತ್‌ಳ ಅಡುಗೆಮನೆಗೆ ಬಂದು ಸುದ್ದಿ ಹೇಳಿದವನು ಕೋಬರ್. ಹೇಳಿದ್ದು ಇಷ್ಟು: ಗಿಸ್ಬರ್ಟ್ ಸಂಘಕ್ಕೆ ಫೋನ್ ಮಾಡಿದ್ದ, ಅಲ್ಲೇ ಉಳಿಯುತ್ತಾನಂತೆ, ಅಲ್ಲೊಬ್ಬಳು ಇದ್ದಾಳಂತೆ. ಗಿಸ್ಬರ್ಟ್ ಬರೆದ ಕಾಗದ ಒಂದೂ ಮನೆ ಮುಟ್ಟಲಿಲ್ಲ. ಕೋಬರ್ ಮಾತ್ರ ತಿಂಗಳು ತಿಂಗಳು ಮನೆ ಮುಟ್ಟಿದ. ಚಳಿಗಾಲಕ್ಕೆ ಕಲ್ಲಿದ್ದಲು ತಂದ, ಮಗುವಿಗೆ ಸೈಕಲ್ ಕಲಿಸಿದ. ಮಾರ್ಲೀಸ್ ಅವನನ್ನು ಎಗೊನ್ ಮಾಮ ಎಂದಳು. ಎಂಬತ್ತಾರರಲ್ಲಿ ಎಡಿತ್ ಎದೆಬೇನೆಯಿಂದ ಸತ್ತಾಗ ಶವಕ್ಕೆ ಹೆಗಲು ಕೊಟ್ಟವನೂ ಅವನೇ. ಗಂಡ ಓಡಿಹೋದ ಎಂದುಕೊಂಡೇ ಅವಳು ಕಣ್ಣು ಮುಚ್ಚಿದಳು. ಇದನ್ನು ಬರೆಯುವಾಗ ನನ್ನ ಕೈ ಈಗಲೂ ಉಳಿ ಹುಡುಕುತ್ತದೆ.

ಗಿಸ್ಬರ್ಟ್ ಅತ್ತ ಕಡೆ ಹದಿಮೂರು ವರ್ಷ ಹಳೇ ಕೋಟೆಗಳ ಮಾಡು ರಿಪೇರಿ ಮಾಡಿದ. ಹಳೇ ಮಾಡು ಬಿಚ್ಚುವಾಗ ಬಡಗಿ ಮೊದಲು ಮಾಡುವ ಕೆಲಸ ಗುರುತು ಹಾಕುವುದು: ಒಂದೊಂದು ಮರದ ಮೇಲೂ ಉಳಿಯಿಂದ ಒಂದು ಗೀಟು, ಎರಡು ಗೀಟು, ಮೂರು ಗೀಟು. ಆಗ ಯಾವುದು ಯಾವುದಕ್ಕೆ ಕೂಡಿತ್ತು ಎಂದು ಮರೆಯುವುದಿಲ್ಲ. ಒಂದು ಕೋಟೆಯ ಕಾವಲಿಗೆ ಒಬ್ಬ ಮುದುಕನಿದ್ದ, ಹಿಂದೆ ಮಕ್ಕಳಿಗೆ ಪಾಠ ಹೇಳಿದವನು. ಮಧ್ಯಾಹ್ನ ರೊಟ್ಟಿ ತಿನ್ನುತ್ತ ಗಿಸ್ಬರ್ಟ್ ಅವನಿಗೆ ತನ್ನ ಕಥೆ ಹೇಳಿದ. ಮುದುಕ ಕೇಳಿದನಂತೆ, "ನಿನ್ನನ್ನ ಹೊರಗೆ ಹಾಕಿದ ಆ ಮಾತನ್ನ ಯಾವತ್ತಾದರೂ ಬಿಚ್ಚಿ ನೋಡಿದ್ದೀಯೇನಯ್ಯಾ?"

ಇಬ್ಬರೂ ಕೂತು ಬಿಚ್ಚಿದರು. ನಾಲ್ಕು ತುಂಡು. ಔಸ್ ಅಂದರೆ ಹೊರಗೆ. ಬುರ್ಗ್ ಅಂದರೆ ಕೋಟೆ. ಎರ್ ಅಂದರೆ ಅಲ್ಲಿಯವನು, ನಾವು ಕೋಟೆಗಾರ ಅನ್ನುವ ಹಾಗೆ. ಉಂಗ್ ಅಂದರೆ ಮಾಡುವ ಕೆಲಸ. ಕೋಟೆಯವನನ್ನು ಹೊರಗೆ ಮಾಡುವ ಕೆಲಸ. "ಇದರಲ್ಲಿ ಕೊಂಡಿ ಯಾವುದು ಗೊತ್ತಾ? ಕೋಟೆ" ಎಂದ ಮುದುಕ. "ಕೋಟೆ ರಾಜನಿಗೆ ಅಂದ್ಕೊಂಡಿದ್ದೀಯ. ಈ ಬುರ್ಗ್ ಅನ್ನೋದು ಬೆಟ್ಟ ಅನ್ನೋ ಮಾತಿನ ತಮ್ಮ ಅಂತ ಕೆಲವರು ಹೇಳ್ತಾರೆ. ಬಚ್ಚಿಟ್ಟು ಕಾಪಾಡೋದು ಅನ್ನೋ ಹಳೇ ಮಾತಿನ ಮಗ ಅಂತ ಕೆಲವರು. ನಾನು ಎರಡನೇ ಗುಂಪಿನವನು. ಶತ್ರು ಬಂದ ಅಂದ್ರೆ ಸುತ್ತಲಿನ ಹಳ್ಳಿಯವರು ಹಸು, ಕೂಸು ಎಳಕೊಂಡು ಇದರೊಳಗೆ ಓಡಿ ಬರ್ತಿದ್ರು. ಹಾಗೆ ಓಡಿ ಬರೋ ಹಕ್ಕಿದ್ದವನೇ ಬುರ್ಗರ್. ಈಗ ಹೇಳು, ನಿನಗೆ ಮಾಡಿದ್ದೇನು?"

ಗಿಸ್ಬರ್ಟ್ ಹೇಳಿದನಂತೆ: "ಓಡಿ ಬರ್ತಾ ಇದ್ದೆ. ಬಾಗಿಲು ಹಾಕ್ಕೊಂಡ್ರು."

"ಅದೇ. ಕೋಟೆ ಹಳೇದು, ಆದ್ರೆ ಈ ಜೋಡಣೆ ಹಳೇದಲ್ಲ. ಈ ಶತಮಾನದ ಗುಮಾಸ್ತರ ಮರಗೆಲಸ. ಮಹಾಯುದ್ಧ ಹಚ್ಚಿದ ಆ ಕೊಕ್ಕೆ ಶಿಲುಬೆಯವರು ಇದನ್ನ ಚೆನ್ನಾಗಿ ಮಸೆದ್ರು. ಅವರ ಶತ್ರುಗಳು ಅಂತ ಎದೆ ಬಡ್ಕೊಂಡ ನಿಮ್ಮೋರು ಅದೇ ಪೆಟ್ಟಿಗೆಯಿಂದ ಅದೇ ಉಳಿ ಎತ್ಕೊಂಡ್ರು."

ಈ ಮಾತನ್ನು ಗಿಸ್ಬರ್ಟ್ ನನಗೆ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಹೇಳುವಾಗ ಮೇಜಿನ ಮೇಲೆ ಬೆರಳಿನಿಂದ ಗೀಟು ಹಾಕುತ್ತಿದ್ದ. ಒಂದು, ಎರಡು, ಮೂರು, ನಾಲ್ಕು.

ಎರಡು ಹೋಳಿನ ನಡುವಿನ ಗಡಿ ಬೇಲಿ ಬಿದ್ದ ಮರುವರ್ಷ, ತೊಂಬತ್ತರಲ್ಲಿ, ಅವನು ಊರಿಗೆ ಬಂದ. ನೇರ ಮಗಳ ಮನೆಗೆ ಹೋದ. ಮಾರ್ಲೀಸ್‌ಗೆ ಆಗ ಇಪ್ಪತ್ತು, ಕಾರ್ಖಾನೆಯ ಊಟದ ಮನೆಯಲ್ಲಿ ಅಡುಗೆಯವಳು. ಬಾಗಿಲು ತೆಗೆದಳು, ಒಳಗೆ ಬಾ ಅನ್ನಲಿಲ್ಲ. ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ.

"ನಾನು ಓಡಿಹೋಗ್ಲಿಲ್ಲ ಮಗಳೇ. ಅವರು ನನ್ನ ಹೊರಗೆ ಹಾಕಿದ್ರು. ನೋಡು, ಅವತ್ತೇ ನಿಂಗೆ ತಂದಿದ್ದ ಬೂಟು."

ಅವಳು ಬೂಟು ನೋಡಿದಳು. "ಬೂಟು ಯಾವ ಅಂಗಡೀಲಾದ್ರೂ ಸಿಗುತ್ತೆ, ಲೋಫಿಂಕ್ ಅವರೇ" ಎಂದಳು.

ಹೆತ್ತಪ್ಪನನ್ನು ಲೋಫಿಂಕ್ ಅವರೇ ಎಂದು ಕರೆದಳು. ಗಿಸ್ಬರ್ಟ್ ಮೆಟ್ಟಿಲಿಳಿದು ಬಂದು ಬೂಟನ್ನು ನನ್ನ ಕೈಗೆ ಕೊಟ್ಟ.

ತೊಂಬತ್ತೆರಡರಲ್ಲಿ ಗುಪ್ತಪೊಲೀಸರ ಕಡತಗಳನ್ನು ತೆರೆದರು. ಗಿಸ್ಬರ್ಟ್ ಅರ್ಜಿ ಹಾಕಿ ತನ್ನದನ್ನು ಓದಿದ. ಟೈಪು ಮಾಡಿದ ಎರಡು ಹಾಳೆಯ ಒಂದು ವರದಿ, ಕೆಳಗೆ 'ಉಜ್ಜುಗೊರಡು' ಎಂಬ ಗುಟ್ಟಿನ ಹೆಸರು, ಮರ ನಯ ಮಾಡುವ ನಮ್ಮ ಹತಾರದ್ದು. ತೊಲೆಹಬ್ಬದ ಪದ್ಯ ಪೂರ್ತಿ ಅದರಲ್ಲಿತ್ತು, ಇಪ್ಪತ್ತನಾಲ್ಕು ಸಾಲೂ. ಗಿಸ್ಬರ್ಟ್‌ಗೇ ಅರ್ಧ ಮರೆತುಹೋಗಿತ್ತು. ಉಜ್ಜುಗೊರಡು ಯಾರು ಎಂದು ಕಚೇರಿಯವರು ಬೇರೆ ಕಾಗದದಲ್ಲಿ ತಿಳಿಸಿದರು: ಎಗೊನ್ ಕೋಬರ್.

ಆ ಕಾಗದ ಹಿಡಿದುಕೊಂಡು ಮತ್ತೆ ಮಗಳ ಬಾಗಿಲಿಗೆ ಹೋದ. ಅವಳು ಮುಟ್ಟಲೂ ಇಲ್ಲ. "ನಲವತ್ತು ವರ್ಷ ಆ ಗುಪ್ತಪೊಲೀಸರು ಬರೆದಿದ್ದೆಲ್ಲ ಸುಳ್ಳು ಅಂತ ನೀವೇ ಹೇಳ್ತೀರ. ನಿಮಗೆ ಬೇಕಾಗಿದ್ದು ಬರೆದಾಗ ಮಾತ್ರ ಸತ್ಯಾನಾ? ನಮಗೆ ಕಲ್ಲಿದ್ದಲು ತಂದುಕೊಟ್ಟಿದ್ದು ಕಾಗದ ಅಲ್ಲ, ಎಗೊನ್ ಮಾಮ. ಅವರ ಬಾಯಲ್ಲಿ ಬರಲಿ, ಆಗ ನಂಬ್ತೀನಿ."

ಅವತ್ತಿನಿಂದ ಗಿಸ್ಬರ್ಟ್‌ಗೆ ಬೇಕಾಗಿದ್ದು ಅದೊಂದೇ: ಕೋಬರ್ ಬಾಯಿಯಿಂದ ಅದು ಬರಬೇಕು, ಮಗಳ ಕಿವಿಗೆ ಬೀಳಬೇಕು.

ಕೋಬರ್ ಹೊಸ ಕಾಲಕ್ಕೂ ಚೆನ್ನಾಗಿಯೇ ಹೊಂದಿಕೊಂಡಿದ್ದ. ತೊಂಬತ್ತಮೂರರ ವಸಂತದಲ್ಲಿ ಹೊಳೆ ದಂಡೆಯಲ್ಲಿ ವಸತಿಗೃಹ ಕಟ್ಟಲು ಶುರು ಮಾಡಿದ. ಅಡುಗೆಮನೆ ಮಾರ್ಲೀಸ್‌ಗೆ ಎಂದು ಮೊದಲೇ ಹೇಳಿದ್ದ. ಊರಿನಲ್ಲಿ ಗುಸುಗುಸು ಎದ್ದಿತ್ತು, ಅದನ್ನು ಅಡಗಿಸಲು ಅವನು ಕಂಡುಕೊಂಡ ಉಪಾಯ ನೋಡಿ: ಮಾಡಿನ ಕೆಲಸಕ್ಕೆ ಗಿಸ್ಬರ್ಟ್‌ನನ್ನೇ ಕರೆದ. ನಮ್ಮ ಮರಗೆಲಸದ ಕೊಟ್ಟಿಗೆಗೇ ಬಂದು ಕೈ ಚಾಚಿದ.

"ಹಳೇದೆಲ್ಲ ಹಳೇದಾಯ್ತು ಗಿಸ್ಬರ್ಟ್. ಕೆಸರಲ್ಲಿ ಎಲ್ಲರ ಕಾಲೂ ಇತ್ತು. ನನಗೆ ಒಳ್ಳೇ ಮಾಡು ಬೇಕು. ನಿನ್ನಂಥೋನು ಇನ್ನೊಬ್ಬ ಇದ್ದಾನಾ?"

"ಇಲ್ಲ" ಎಂದ ಗಿಸ್ಬರ್ಟ್. ಕೈ ಹಿಡಿಯಲಿಲ್ಲ. ನಕ್ಷೆ ಮಾತ್ರ ಇಸಿದುಕೊಂಡ.

ಕೋಬರ್ ಹೋದ ಮೇಲೆ ನಾನು ಕೊಡತಿ ಎತ್ತಿ ಗೋಡೆಗೆ ಬೀಸಿದೆ. "ಮೇಸ್ತ್ರಿ, ಆ ನಾಯಿಗೆ ಮಾಡು ಕಟ್ತೀಯಾ? ಕಟ್ಟೋಣ ಬಿಡು. ನಡುಗಂಬದ ಕೀಲಿಗೆ ಬೆಣೆ ಅರ್ಧ ಬಿಡ್ತೀನಿ. ಎರಡು ಚಳಿಗಾಲ ತಡೀಲಿ. ಮೂರನೇದಕ್ಕೆ ಹಿಮ ಬಿದ್ದಾಗ ನೋಡೋಣ."

ಗಿಸ್ಬರ್ಟ್ ನನ್ನ ಕಾಲರ್ ಹಿಡಿದ. "ಆ ಮಾಡಿನ ಕೆಳಗೆ ಅಡುಗೆ ಮಾಡೋಳು ಯಾರೋ ಕತ್ತೆ? ಬೆಣೆ ಪೂರ್ತಿ ಕೂರಬೇಕು. ಒಂದು ಕೂದಲು ನುಸುಳಿದ್ರೂ ನಿನ್ನ ತಲೇನೇ ಬೆಣೆ ಮಾಡ್ತೀನಿ. ಅವನಿಗೆ ನಾನು ಮಾಡು ಬೀಳಿಸಲ್ಲ. ತೊಲೆಹಬ್ಬ ಮಾಡಿಸ್ತೀನಿ. ಮೇಲೆ ನಿಂತು ನಾನು ಹೇಳೋದನ್ನ ಅವನು ಕೆಳಗೆ ನಿಂತು ಕೇಳಬೇಕು. ಪದ್ಯ ಮುಗಿಯೋ ತನಕ ಯಜಮಾನ ಕಾಲು ಕದಲಿಸೋ ಹಾಗಿಲ್ಲ."

ಬೇಸಿಗೆಯಿಡೀ ಕೆಲಸ ಮಾಡಿದೆವು. ಅಷ್ಟು ಒಳ್ಳೆಯ ಮಾಡು ನಾವು ಕಟ್ಟಿರಲೇ ಇಲ್ಲ, ಕೈ ಉರಿಯುತ್ತಿತ್ತು ನನಗೆ. ನೆತ್ತಿಯ ತೊಲೆಯ ಹೊಟ್ಟೆಗೆ ಗಿಸ್ಬರ್ಟ್ ಒಂದು ದಿನ ಉಳಿ ಹಿಡಿದು ಆ ಮಾತಿನ ನಾಲ್ಕು ತುಂಡುಗಳನ್ನು ಕೆತ್ತಿದ, ಒಂದೊಂದರ ಕೆಳಗೂ ಗೀಟು ಹಾಕಿ. ಕೆಳಗಿನಿಂದ ಕೋಬರ್ ಕೂಗಿದ, "ಅದೇನು ಕೆತ್ತುತಾ ಇದ್ದೀಯ?"

"ಜೋಡಣೆ ಗುರುತು" ಎಂದ ಗಿಸ್ಬರ್ಟ್.

ಎಲ್ಲ ಸರಿಯಿತ್ತು, ಕೆಡಿಸಿದವನು ನಾನು. ತೊಲೆ ಏರಿಸುವ ವಾರ ಬಿಯರ್ ಅಂಗಡಿಯಲ್ಲಿ ಕೋಬರ್ ಎಲ್ಲರಿಗೂ ತನ್ನ ವಸತಿಗೃಹದ ಕನಸು ಹಂಚುತ್ತಿದ್ದ. ಊಟದ ಕೋಣೆಗೆ 'ಎಡಿತ್' ಎಂದು ಹೆಸರಿಡುತ್ತೇನೆ, ಪಾಪದ ಹೆಂಗಸು, ಎಂದ. ಮಗ್ಗು ಮೇಜಿಗೆ ಕುಕ್ಕಿದೆ.

"ಆ ಹೆಸರು ಬಾಯಲ್ಲಿಟ್ಕೋಬೇಡ ಚಾಡಿಕೋರ! ಶನಿವಾರ ಬರಲಿ. ಮೇಸ್ತ್ರಿ ಮೇಲೆ ಹತ್ತಲಿ. ಇಪ್ಪತ್ತನಾಲ್ಕು ಸಾಲಿಗೂ ಉತ್ತರ ಸಿಗುತ್ತೆ ನಿಂಗೆ!"

ಕೋಬರ್ ಮೀಸೆಯ ಮೇಲಿನ ನೊರೆ ಒರೆಸಿಕೊಂಡ. ಅವನ ನೆನಪಿನ ಶಕ್ತಿ ಆಗಲೂ ಕೆಲಸ ಮಾಡುತ್ತಿತ್ತು. ಮಾರನೇ ಬೆಳಿಗ್ಗೆ ನಮ್ಮ ಕೊಟ್ಟಿಗೆಯ ಮುಂದೆ ಒಂದು ಪೆಟ್ಟಿಗೆ ಬಿಯರು, ಒಂದು ಬುಟ್ಟಿ ಸುಡುವ ಸಾಸೇಜು, ಒಂದು ಚೀಟಿ: "ಈ ಸಲ ತೊಲೆಹಬ್ಬ ಬೇಡ. ಕಾಲ ಬದಲಾಗಿದೆ. ನೀವೇ ತಿಂದು ಕುಡಿದು ಸಂತೋಷಪಡಿ."

ಗಿಸ್ಬರ್ಟ್ ಚೀಟಿ ಓದಿ ನನ್ನ ಕಡೆ ನೋಡಿದ. ಅವನು ಹೊಡೆದಿದ್ದರೆ ಚೆನ್ನಾಗಿತ್ತು.

"ಹದಿನೇಳು ವರ್ಷ ಕಾದೆ ಉಡೋ" ಎಂದ. "ನೀನು ಒಂದು ಮಗ್ಗು ಕಾಯ್ಲಿಲ್ಲ."

ನಾನು ತಲೆ ತಗ್ಗಿಸಿ ನಿಂತೆ. ಅವನು ಚೀಟಿ ಇನ್ನೊಮ್ಮೆ ಓದಿದ, ಓದುತ್ತಲೇ ನಗು ಬಂತು. ಬೀದಿಗೆ ಕೇಳುವಂಥ ನಗು. "ಲೋ, ಅವನು ಹಬ್ಬ ಬೇಡ ಅಂದ್ನಲ್ಲೋ! ಬೇಡ ಅಂದವರ ಮನೆಗೆ ಏನು ಕಟ್ತೀವಿ ನಾವು?"

ನಮ್ಮ ಕಡೆ ಮಗುವಿಗೂ ಗೊತ್ತು. ತೊಲೆಹಬ್ಬ ಕೊಡದ ಯಜಮಾನನ ಮನೆಯ ನೆತ್ತಿಗೆ ಮಾಲೆ ಕಟ್ಟುವುದಿಲ್ಲ, ಪೊರಕೆ ಕಟ್ಟುತ್ತಾರೆ. ದನದ ಕೊಟ್ಟಿಗೆ ಗುಡಿಸುವ ಕಡ್ಡಿ ಪೊರಕೆ. ಅದನ್ನು ಕಟ್ಟಿದ ಬಡಗಿಯೇ ಇಳಿಸಬೇಕು. ಬೇರೆಯವರು ಕೈ ಹಾಕುವುದಿಲ್ಲ. ಪೊರಕೆಯ ಕೆಳಗೆ ಹೆಂಚು ಹೊದಿಸುವವರು ಕೂಡ ಹತ್ತುವುದಿಲ್ಲ.

ಬಿಯರಿಗೂ ಸಾಸೇಜಿಗೂ ಕೈ ಹಚ್ಚಲಿಲ್ಲ, ಎರಡೂ ಕೋಬರ್ ಬಾಗಿಲಿಗೇ ಹಿಂತಿರುಗಿದವು. ಶನಿವಾರ ಬೆಳಿಗ್ಗೆ ಊರು ಸಂತೆಗೆ ಹೊರಟ ಹೊತ್ತಿಗೆ ಸರಿಯಾಗಿ ನಾವು ಮೇಲೆ ಹತ್ತಿ ಪೊರಕೆ ಕಟ್ಟಿದೆವು. ಆರಿಸಿ ತಂದಿದ್ದೆ ನಾನು, ಹಂದಿ ಗೂಡಿನದು. ಹೊಳೆಯ ಆಚೆ ದಂಡೆಯಿಂದಲೂ ಕಾಣುತ್ತಿತ್ತು.

ಮಾತಿನಲ್ಲಿ ಮುಚ್ಚಿಡಬಹುದಾಗಿದ್ದನ್ನು ಕೋಬರ್ ತಾನಾಗಿಯೇ ನೆತ್ತಿಗೆ ಏರಿಸಿಕೊಂಡಿದ್ದ. ಊರಿನಲ್ಲಿ ಒಂದೇ ಪ್ರಶ್ನೆ. ಅಷ್ಟು ದೊಡ್ಡ ಮನೆ ಕಟ್ಟುವವನು ಹಬ್ಬ ಯಾಕೆ ಕೊಡಲಿಲ್ಲ? ಬಡಗಿ ಏನೋ ಹೇಳಿಬಿಡುತ್ತಾನೆ ಎಂದು ಹೆದರಿದನಂತೆ. ಏನು ಹೇಳುತ್ತಾನೆ? ರೊಟ್ಟಿ ಅಂಗಡಿಯವಳು ಅವನಿಗೆ ಚಿಲ್ಲರೆ ಕೊಡುವಾಗ "ಪೊರಕೆ ಒಣಗಿದೆಯಾ ಕೋಬರ್ ಅವರೇ, ಮಳೆ ಬರೋ ಹಾಗಿದೆ" ಎಂದಳಂತೆ. ಬಿಯರು ತರುವ ಲಾರಿಯವನು ಮನೆಯ ಮುಂದೆ ಹಾರ್ನ್ ಹೊಡೆದು ಸೆಲ್ಯೂಟ್ ಮಾಡುತ್ತಿದ್ದ. ಹೆಂಚಿನವರು ಎರಡು ವಾರ ಗಾಡಿಯಿಂದ ಏಣಿ ಇಳಿಸಲೇ ಇಲ್ಲ. ಮಳೆ ಬಂತು, ಬರಿ ಮರದ ಮೇಲೆ.

ಮೂರನೇ ವಾರ ಕೋಬರ್ ಕೊಟ್ಟಿಗೆಗೆ ಬಂದ. ಈ ಸಲ ಕೈ ಚಾಚಲಿಲ್ಲ.

"ಏನು ಬೇಕು ನಿಂಗೆ?"

"ತೊಲೆಹಬ್ಬ" ಎಂದ ಗಿಸ್ಬರ್ಟ್. "ಪೂರ್ತಿ ಊಟ. ಅಡುಗೆ ಮಾರ್ಲೀಸ್‌ದೇ. ಪದ್ಯ ನಾನು ಹೇಳಲ್ಲ. ನಾನು ಒಂದು ಮಾತು ಆಡ್ತೀನಿ, ಆಮೇಲೆ ನೀನು ಮೇಲೆ ಹತ್ತಿ, ನೀನು ಬರೆದದ್ದನ್ನ ಓದ್ತೀಯ. ಮೊದಲಿಂದ ಕೊನೇ ಚುಕ್ಕೆ ತನಕ. ಓದಿದ ಮೇಲೆ ನಾನು ಪೊರಕೆ ಇಳಿಸ್ತೀನಿ. ನನ್ನ ಮಾತು."

ಕೋಬರ್ ಯೋಚಿಸಿದ. ಅವನ ಮುಖದಲ್ಲಿ ಲೆಕ್ಕ ಓಡುವುದು ಕಾಣುತ್ತಿತ್ತು. "ಆ ಪದ್ಯಾನಾ?" ಎಂದ. "ಅಷ್ಟೇನಾ? ಹೇಗೂ ಅರ್ಧ ಊರಿಗೆ ಗೊತ್ತಾಗಿದೆ. ಚೆನ್ನಾಗಿತ್ತು ಕಣೋ ಆ ಪದ್ಯ, ಆಗಲೂ ನಾನು ಹೇಳಿದ್ನಲ್ಲ. ಓದ್ತೀನಿ, ಜನ ನಗ್ತಾರೆ, ನಾನೂ ನಗ್ತೀನಿ. ಅಲ್ಲಿಗೆ ಮುಗೀತು."

"ಕಾಗದ ಬೇಕಾದ್ರೆ ಈಗಲೇ ನೋಡ್ಕೋ."

"ನಂಗೆ ನೆನಪಿದೆ ಬಿಡು" ಎಂದು ಹೋದ.

ಇಡೀ ಊರಿನ ನೆನಪು ಇಟ್ಟುಕೊಂಡವನು ಒಂದೇ ಒಂದು ಜಾಗದಲ್ಲಿ ಮರೆತಿದ್ದ.

ಶನಿವಾರ ಮಧ್ಯಾಹ್ನ ಜನ ತುಂಬಿತು. ಇಷ್ಟು ಜನ ಯಾವ ತೊಲೆಹಬ್ಬಕ್ಕೂ ಬಂದಿರಲಿಲ್ಲ. ಮಾರ್ಲೀಸ್ ದೊಡ್ಡ ಪಾತ್ರೆಗಳಲ್ಲಿ ಆಲೂಗಡ್ಡೆ ಕಡುಬು ಬೇಯಿಸಿ, ಏಪ್ರನ್ ಕಟ್ಟಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾವು ಮೂವರು ಮೇಲೆ: ಗಿಸ್ಬರ್ಟ್, ಕೋಬರ್, ನಾನು. ನಾನು ಏಣಿಯ ತಲೆಯಲ್ಲಿ ಕೂತೆ. ಅದು ನನ್ನ ಜಾಗವಲ್ಲ, ಆದರೂ ಕೂತೆ.

ಗಿಸ್ಬರ್ಟ್ ಟೋಪಿ ಹಾಕಿಕೊಂಡು ನೆತ್ತಿಯ ತೊಲೆ ತಟ್ಟಿದ. "ಇದರ ಹೊಟ್ಟೇಲಿ ಒಂದು ಮಾತು ಬಿಚ್ಚಿಟ್ಟಿದ್ದೀನಿ. ಒಂದನೇ ಗೀಟು: ಹೊರಗೆ. ಎರಡನೇದು: ಕೋಟೆ, ಅಪಾಯ ಬಂದಾಗ ಓಡಿ ಬರೋ ಜಾಗ. ಮೂರನೇದು: ಹಾಗೆ ಓಡಿ ಬರೋ ಹಕ್ಕಿರೋನು. ನಾಲ್ಕನೇದು: ಕೆಲಸ. ಕೆಲಸ ಅಂದ ಮೇಲೆ ಕೆಲಸಗಾರ ಇರ್ತಾನೆ. ಮಾತು ತಾನಾಗೇ ಯಾರನ್ನೂ ಹೊರಗೆ ಹಾಕಲ್ಲ, ಮರ ತಾನಾಗೇ ಮಾಡು ಆಗಲ್ಲ. ಹದಿನೇಳು ವರ್ಷದ ಹಿಂದೆ ಈ ಕೆಲಸ ನನ್ನ ಮೇಲೆ ಮಾಡಿದ ಕೈ ಯಾವುದು ಅಂತ ಈಗ ಯಜಮಾನರೇ ಓದ್ತಾರೆ."

ಕೋಬರ್ ಕಾಗದ ಇಸಿದುಕೊಂಡು ಗಂಟಲು ಸರಿಮಾಡಿಕೊಂಡ. ನಗುತ್ತಲೇ ಶುರು ಮಾಡಿದ. "ವರದಿ. ಉಜ್ಜುಗೊರಡು, ಅಂದ್ರೆ ನಾನೇ ಸ್ವಾಮೀ, ಏನ್ಮಾಡೋದು, ಕಾಲ ಹಾಗಿತ್ತು..." ಕೆಲವರು ನಕ್ಕರು. ಪದ್ಯ ಓದಿದ. ಮೂರನೇ ಸಾಲಿನ ಹೊತ್ತಿಗೆ ಅವನು ಕಾಗದ ನೋಡುತ್ತಿರಲಿಲ್ಲ. ಇಪ್ಪತ್ತನಾಲ್ಕು ಸಾಲೂ ಬಾಯಿಪಾಠ ಬಂದವು, ಒಂದು ಅಕ್ಷರ ಜಾರದೆ. ಮಾತು ಸೋರುವ ಸಾಲಿಗೆ ಕೈ ಎತ್ತಿ ಅಭಿನಯವನ್ನೂ ಮಾಡಿದ. ಕೆಳಗೆ ನಗು ಒಂದೊಂದಾಗಿ ನಿಂತಿತು. ಒಬ್ಬನನ್ನು ಮಾರಲು ಎಷ್ಟು ಚೆನ್ನಾಗಿ ಉರು ಹೊಡೆದಿರಬೇಕು ಎಂದು ಆಗ ಎಲ್ಲರಿಗೂ ಕಂಡಿತು, ಅವನೊಬ್ಬನನ್ನು ಬಿಟ್ಟು.

"ಅಲ್ಲಿಗೆ ಮುಗೀತು" ಎಂದು ಕಾಗದ ಮಡಿಸಲು ಹೋದ.

"ಎರಡನೇ ಹಾಳೆ" ಎಂದ ಗಿಸ್ಬರ್ಟ್.

ಕೋಬರ್ ಹಾಳೆ ತಿರುಗಿಸಿದ. ಕಣ್ಣು ಒಂದು ಸಾಲಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಏಣಿಯ ಕಡೆ ನೋಡಿದ. ಏಣಿಯ ತಲೆಯಲ್ಲಿ ನಾನಿದ್ದೆ.

"ಇದು... ಇದು ಬರೀ ಆಫೀಸಿನ ಮಾತು" ಎಂದ.

ಕೆಳಗಿನಿಂದ ಮಾರ್ಲೀಸ್ ಕೂಗಿದಳು. ಅವಳಿಗೆ ಇನ್ನೂ ಸಿಟ್ಟಿದ್ದದ್ದು ಅಪ್ಪನ ಮೇಲೆಯೇ. "ಓದಿ ಮುಗಿಸಿಬಿಡಿ ಮಾಮಾ! ಏನಿದೆ ಅದ್ರಲ್ಲಿ ಅಂತ ಎಲ್ಲರಿಗೂ ಗೊತ್ತಾಗಲಿ. ಕಡುಬು ಆರ್ತಾ ಇದೆ."

ಅವನು ಓದಿದ. "ಜೋರಾಗಿ, ಕೇಳ್ಸಲ್ಲ!" ಎಂದು ಲಾರಿಯವನು ಅರಚಿದ. ಮತ್ತೆ ಮೊದಲಿನಿಂದ ಓದಿದ:

"ಸೂಚನೆ. ಸದರಿ ಲೋಫಿಂಕ್‌ಗೆ ಕಾಸೆಲ್‌ನಲ್ಲಿ ದೊಡ್ಡಮ್ಮ ಇದ್ದು, ಸಾವಿನ ಹಾಸಿಗೆಯಲ್ಲಿದ್ದಾಳೆ. ಅವಳ ಮಣ್ಣಿಗೆ ಹೋಗಲು ಅಪ್ಪಣೆ ಕೊಟ್ಟು, ಮರಳಿ ಬರುವಾಗ ತಡೆದರೆ ಊರಿನಲ್ಲಿ ಗಲಾಟೆ ಆಗದು. ಆತನೇ ಓಡಿಹೋದ, ಅಲ್ಲಿ ಹೆಣ್ಣಿದೆ ಎಂದು ಹೆಂಡತಿಯನ್ನು ನಂಬಿಸಬಹುದು. ಹೆಂಡತಿ ಮತ್ತು ಮಗುವಿನ ಕಡೆಯಿಂದ ತೊಂದರೆ ಬಾರದಂತೆ ನಾನು ನೋಡಿಕೊಳ್ಳುತ್ತೇನೆ."

ಗಿಸ್ಬರ್ಟ್ ಕೋಬರ್‌ನ ಮುಖ ನೋಡಲಿಲ್ಲ. ಅವನ ಕಣ್ಣು ಇದ್ದದ್ದು ಅಡುಗೆಮನೆಯ ಬಾಗಿಲ ಮೇಲೆ.

ಆಮೇಲೆ ಮಾತಿನಂತೆ ನಡೆದುಕೊಂಡ. ಹಗ್ಗ ಬಿಚ್ಚಿ ಪೊರಕೆ ಇಳಿಸಿ ಅಂಗಳಕ್ಕೆ ಹಾಕಿದ, ಮಾಲೆ ಕಟ್ಟಿದ. ನಾನು ಸಾರಾಯಿ ಕೊಟ್ಟೆ. ಕುಡಿದ. ಗ್ಲಾಸನ್ನು ಒಡೆಯಲಿಲ್ಲ, ಒರೆಸಿ ಕೋಟಿನ ಜೇಬಿಗೆ ಹಾಕಿಕೊಂಡ. ಅದೂ ಎಲ್ಲರಿಗೂ ಕಂಡಿತು. ನಾನು ಏಣಿ ಬಿಟ್ಟುಕೊಟ್ಟೆ. ಮೂವರೂ ಇಳಿದೆವು. ಕೋಬರ್‌ಗೆ ಜನ ದಾರಿ ಬಿಟ್ಟರು. ಸೋಂಕು ತಗಲೀತು ಎನ್ನುವವರ ಹಾಗೆ ಬಿಟ್ಟರು.

"ಮಾರ್ಲೀಸ್, ಕೇಳು ಪುಟ್ಟಾ, ಆ ಕಾಲ..." ಎಂದ ಅವನು.

ಅವಳು ಅವನ ಮುಂದೆ ಹಾದು ಹೋದಳು. ಅಂಗಳದಲ್ಲಿ ಬಿದ್ದಿದ್ದ ಪೊರಕೆ ಎತ್ತಿದಳು, ಕಂಕುಳಿಗೆ ಸಿಕ್ಕಿಸಿಕೊಂಡಳು, ಏಣಿಗೆ ಕಾಲಿಟ್ಟಳು. ಏಪ್ರನ್ ಕಟ್ಟಿಕೊಂಡೇ. ಬಡಗಿಯ ಮಗಳು, ಒಂದು ಮೆಟ್ಟಿಲೂ ತಡವರಿಸಲಿಲ್ಲ. ಮೇಲೆ ನಿಂತು ಮಾಲೆಯನ್ನು ಕಿತ್ತು ಹೊಳೆಯ ಕಡೆ ಎಸೆದಳು. ಏಪ್ರನ್ ಬಿಚ್ಚಿ, ಅದರ ದಾರದಿಂದಲೇ ಪೊರಕೆಯನ್ನು ನೆತ್ತಿಗೆ ಬಿಗಿದಳು. ಮೂರು ಗಂಟು ಹಾಕಿದ್ದನ್ನು ನಾನು ಎಣಿಸಿದೆ.

ಕೋಬರ್ ಗಿಸ್ಬರ್ಟ್‌ನ ತೋಳು ಹಿಡಿದ. "ನೀನು ಮಾತು ಕೊಟ್ಟಿದ್ದೆ! ಇಳಿಸ್ತೀನಿ ಅಂದಿದ್ದೆ!"

"ಇಳಿಸಿದ್ನಲ್ಲಪ್ಪ" ಎಂದ ಗಿಸ್ಬರ್ಟ್, ತೋಳು ಬಿಡಿಸಿಕೊಂಡು. "ನಾನು ಕಟ್ಟಿದ್ದನ್ನ ನಾನು ಇಳಿಸಿದೆ. ಅದು ಅವಳು ಕಟ್ಟಿದ್ದು. ಇಳಿಸಬೇಕಾದವಳೂ ಅವಳೇ. ಹೋಗಿ ಕೇಳ್ಕೋ."

ಅವಳು ಇಳಿಸಲಿಲ್ಲ. ಹೆಂಚಿನವರು ಹತ್ತಲಿಲ್ಲ. ಚಳಿಗಾಲದ ಹಿಮ ಆ ಬರಿ ಮಾಡಿನ ಮೇಲೆ ಬಿತ್ತು. ಮಾಡು ಮಾತ್ರ ಒಂದು ಕೂದಲಷ್ಟೂ ಜಗ್ಗಲಿಲ್ಲ, ಬೆಣೆ ಹೊಡೆದವನು ನಾನೇ. ವಸಂತಕ್ಕೆ ಕೋಬರ್ ಮನೆಯನ್ನು ಹಾಗೇ ಯಾರಿಗೋ ಮಾರಿ ಊರು ಬಿಟ್ಟ. ಎಲ್ಲಿದ್ದಾನೋ ಕೇಳಿದವರಿಲ್ಲ. ಅವನನ್ನು ಹೊರಗೆ ಹಾಕಲು ಕಾಗದ, ಕಚೇರಿ ಏನೂ ಬೇಕಾಗಲಿಲ್ಲ.

ಪಾದ್ರಿಗೆ ಇದನ್ನೆಲ್ಲ ಗುಂಡಿಯ ಅಂಚಿನಲ್ಲೇ ಹೇಳಬೇಕೆಂದು ಬಾಯಿ ತೆರೆದಿದ್ದೆ. ಮಾರ್ಲೀಸ್ ನನ್ನ ತೋಳು ಹಿಡಿದು ತಡೆದಳು. "ಈಗ ಬೇಡ ಉಡೋ ಮಾಮ" ಎಂದಳು. ಆಮೇಲೆ ಬಗ್ಗಿ, ನನ್ನ ಬಳಿಯಿಂದ ತಾನೇ ಕೇಳಿ ಪಡೆದಿದ್ದ ಆ ಕೆಂಪು ಬೂಟಿನ ಜೊತೆಯನ್ನು ಶವಪೆಟ್ಟಿಗೆಯ ಮೇಲೆ ಇಟ್ಟು, ಅಪ್ಪನ ಮೇಲೆ ಮಣ್ಣು ಹಾಕಿದಳು.